ಕಣ್ಣಿಲ್ಲದ ಗೊಂಬೆಗೆ ಕೆಲಸ ಖಾಲಿ ಇಲ್ಲ

ನಮ್ಮ ಟಿವಿ ಚಾನೆಲ್‌ಗಳಿಗೆ ಕಣ್ಣು ಕಾಣದವರೆಂದರೆ ಪಂಚಪ್ರಾಣ. ಹಾಡಿದರೆ.

ಹಾಡಲು ಬರದಿದ್ದರೆ ಅಳಬೇಕು. ಎರಡೂ ಬರದವರು ಮನೆಯಲ್ಲೇ ಇರಬಹುದು.

ಯಾವುದಾದರೂ ಹಾಡಿನ ಸ್ಪರ್ಧೆ ಹಚ್ಚಿ ನೋಡಿ. ಹುಡುಗಿಯನ್ನು ರಟ್ಟೆ ಹಿಡಿದು ವೇದಿಕೆಗೆ ತರುತ್ತಾರೆ. ನಿರೂಪಕರ ದನಿ ತಾನಾಗಿಯೇ ಕುಗ್ಗುತ್ತದೆ. ಆಕೆ ಬಾಯಿ ತೆರೆಯುವ ಮೊದಲೇ ಹಿಂದೆ ಕೊಳಲು ಶುರು. ಹಾಡುವವಳು ಈ ಕಡೆ, ಕ್ಯಾಮೆರಾ ಆ ಕಡೆ. ತೀರ್ಪುಗಾರರ ಕಣ್ಣಂಚು ಹುಡುಕುತ್ತಿರುತ್ತದೆ. ನೀರು ಬಂತೇ? ಬಂತು. ಜಾಹೀರಾತು ಬಿಡಿ.

ಆಕೆ ಎಲ್ಲಿ ಶ್ರುತಿ ತಪ್ಪಿದಳೆಂದು ಯಾರೂ ಹೇಳುವುದಿಲ್ಲ. 'ಇಲ್ಲಿ ತಾಳ ಜಾರಿತು, ಇನ್ನೂ ರಿಯಾಜ್ ಮಾಡು' ಎನ್ನಿಸಿಕೊಳ್ಳುವ ಮರ್ಯಾದೆ ಕಣ್ಣಿದ್ದವರಿಗೆ ಮೀಸಲು. ಇವಳಿಗೆ ಎದ್ದು ನಿಂತು ಚಪ್ಪಾಳೆ. ಆಮೇಲೆ ಎಂದಿನಂತೆ ಮರೆವು.

ಇದು ದೊಡ್ಡವರ ಟಿವಿಯ ಕತೆ. ಮಕ್ಕಳ ಟಿವಿಗೆ ಬನ್ನಿ. ಅಲ್ಲಿ ಇಷ್ಟೂ ಇಲ್ಲ.

ಅಲ್ಲಿ ಮಾತಾಡುವ ಬೆಕ್ಕಿದೆ, ಇಲಿ ಇದೆ, ರೋಬೊ ಇದೆ, ಭೂತ ಇದೆ. ಲಡ್ಡು ತಿಂದು ರಾಕ್ಷಸರನ್ನು ಎತ್ತಿ ಒಗೆಯುವ ಹುಡುಗ 2008ರಿಂದ ಇದ್ದಾನೆ. ಕಣ್ಣು ಕಾಣದ ಒಂದು ಕೂಸು ಮಾತ್ರ ಇಲ್ಲ. ಕನ್ನಡ ಟಿವಿಯಲ್ಲಿ ಅಂಥ ಒಂದು ಗೊಂಬೆಯ ಹೆಸರು ಹೇಳಿ ನೋಡೋಣ. ಬೇಕಿದ್ದರೆ ಮನೆಯ ಹುಡುಗರನ್ನೂ ಕೇಳಿ ಬನ್ನಿ.

2011ರ ಜನಗಣತಿ ಪ್ರಕಾರ ದೃಷ್ಟಿದೋಷದ ಅಂಗವೈಕಲ್ಯ ಇರುವವರು ದೇಶದಲ್ಲಿ 50 ಲಕ್ಷಕ್ಕೂ ಮಿಕ್ಕಿ. ಮಾತಾಡುವ ಬೆಕ್ಕು ಎಷ್ಟಿವೆ ಎಂದು ಜನಗಣತಿಯವರು ಬರೆದುಕೊಂಡಿಲ್ಲ.

ಹಾಗಂತ ಇದು ಯಾರೂ ಮಾಡದ ಕೆಲಸವೇನಲ್ಲ. ಅಮೆರಿಕದಲ್ಲಿ ಬಾರ್ಬರಾ ಅಯೆಲ್ಲೊ ಎಂಬಾಕೆ 1977ರಲ್ಲಿ 'ಕಿಡ್ಸ್ ಆನ್ ದ ಬ್ಲಾಕ್' ಎಂಬ ಗೊಂಬೆ ತಂಡ ಕಟ್ಟಿದರು. ಅದರಲ್ಲಿ ರೆನಾಲ್ಡೊ ಎಂಬ ಗೊಂಬೆಗೆ ಕಣ್ಣಿಲ್ಲ. ಶಾಲೆಗಳಿಗೆ ಹೋಗುತ್ತಿದ್ದರು, ಮಕ್ಕಳು ಬಾಯಿಗೆ ಬಂದದ್ದು ಕೇಳುತ್ತಿದ್ದರು, ಗೊಂಬೆಯೇ ಉತ್ತರ ಕೊಡುತ್ತಿತ್ತು. ದೊಡ್ಡವರು 'ಹಾಗೆಲ್ಲ ಕೇಳಬಾರದು' ಎಂದು ಮೊಟಕುವ ಪ್ರಶ್ನೆಗಳನ್ನು ಕೇಳುವುದಕ್ಕೆಂದೇ ಆ ಗೊಂಬೆಗಳು ಇದ್ದದ್ದು.

1969ರಲ್ಲಿ ಶುರುವಾದ 'ಸೆಸಮಿ ಸ್ಟ್ರೀಟ್'ನಲ್ಲಿ 1980ರ ದಶಕದ ಆರಂಭಕ್ಕೇ ಅರಿಸ್ಟಾಟಲ್ ಎಂಬ ಗೊಂಬೆ ಬಂತು. ಕಣ್ಣಿಲ್ಲದ ಹುಡುಗ. ಆಡಿಸಿದವರು ರಿಚರ್ಡ್ ಹಂಟ್. ಬಹಳ ದಿನ ಬಾಳಲಿಲ್ಲ ಅನ್ನಿ, ಅಲ್ಲೂ ಎಲ್ಲ ಸರಿಯಿಲ್ಲ. ಆದರೂ ಬಂತು. 2002ರಲ್ಲಿ ದಕ್ಷಿಣ ಆಫ್ರಿಕಾದವರು ತಮ್ಮ ಸೆಸಮಿಗೆ ಎಚ್‌ಐವಿ ಇರುವ ಕಾಮಿ ಎಂಬ ಗೊಂಬೆಯನ್ನೇ ತಂದರು. 2017ರಲ್ಲಿ ಆಟಿಸಂ ಇರುವ ಜೂಲಿಯಾ ಅಮೆರಿಕದ ಪರದೆಗೆ ಬಂದಳು.

ನಮ್ಮ ದೇಶಕ್ಕೆ 2006ರಲ್ಲಿ ಅದೇ ಕಾರ್ಯಕ್ರಮ 'ಗಲ್ಲಿ ಗಲ್ಲಿ ಸಿಮ್ ಸಿಮ್' ಆಗಿ ಹಿಂದಿಯಲ್ಲಿ ಇಳಿಯಿತು. ಶಾಲೆಯ ಯೂನಿಫಾರ್ಮ್ ಹಾಕಿದ ಚಮ್ಕಿ ಬಂದಳು. ಒಳ್ಳೆಯ ಹುಡುಗಿ. ಯಾದಗಿರಿ ಜಿಲ್ಲೆಯ ನಮ್ಮೂರು ಬಳಿಚಕ್ರದ ಹುಡುಗರಿಗೆ ಮನೆಯಲ್ಲಿ ಕನ್ನಡ, ಗಡಿಯ ಆಚೆಯಿಂದ ತೆಲುಗು, ಟಿವಿಯಿಂದ ಹಿಂದಿ. ಅವರ ಪುಣ್ಯ.

ಕನ್ನಡದಲ್ಲಿ ಆಗ ಏನು ನಡೆದಿತ್ತು? ಡಬ್ಬಿಂಗ್ ಬೇಕೋ ಬೇಡವೋ ಎಂಬ ಮಹಾಯುದ್ಧ. ಡಬ್ಬಿಂಗ್ ಬಂದರೆ ಕನ್ನಡ ಸಾಯುತ್ತದೆ ಎಂದರು. ಸರಿ. ಹಾಗಾದರೆ ಮಕ್ಕಳಿಗೆ ನೀವೇ ಏನಾದರೂ ಮಾಡಿ ಎಂದರೆ ಯಾರೂ ಇಲ್ಲ. 2009ರಲ್ಲಿ ಮಕ್ಕಳಿಗೆಂದೇ ಚಿಂಟು ಟಿವಿ ಬಂತು. ಹೊರಗಿನ ಕಾರ್ಟೂನುಗಳು ಅಲ್ಲಿ ಕನ್ನಡ ಮಾತಾಡಿದವು. ಇಪ್ಪತ್ನಾಲ್ಕು ಗಂಟೆ ಕಿರುಚಲು ನಮ್ಮಲ್ಲಿ ಸುದ್ದಿ ಚಾನೆಲ್‌ಗಳಿಗೆ ಬರವಿಲ್ಲ. ಮಕ್ಕಳಿಗೆ ಅರ್ಧ ಗಂಟೆ ಸ್ವಂತ ಗೊಂಬೆ ಆಡಿಸಲು ದುಡ್ಡಿಲ್ಲ.

ಗೊಂಬೆ ಆಡಿಸುವವರೇ ಇಲ್ಲದ ನಾಡಾಗಿದ್ದರೆ ಸುಮ್ಮನಿರಬಹುದಿತ್ತು. ಕರಾವಳಿಯ ಉಪ್ಪಿನಕುದ್ರುವಿನ ಕೊಗ್ಗ ಕಾಮತರ ಯಕ್ಷಗಾನ ಗೊಂಬೆಗಳು ದೇಶ ಸುತ್ತಿದವು. ಬಳ್ಳಾರಿಯ ಬೆಳಗಲ್ಲು ವೀರಣ್ಣ ತೊಗಲುಗೊಂಬೆಯಲ್ಲಿ ಸ್ವಾತಂತ್ರ್ಯ ಹೋರಾಟವನ್ನೇ ಆಡಿಸಿದರು. ನಮ್ಮ ಕಲ್ಯಾಣ ಕರ್ನಾಟಕದ್ದೇ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಅಜ್ಜಿ. ಪ್ರಶಸ್ತಿ ಬಂದ ದಿನ ಎಲ್ಲ ಚಾನೆಲ್‌ಗಳೂ ಅವರ ಮನೆ ಮುಂದೆ ಮೈಕು ಹಿಡಿದವು. ಮರುದಿನ ಯಾವ ಚಾನೆಲ್ ಅವರ ಮನೆಯವರನ್ನು ಕರೆದು 'ನಮಗೆ ವಾರಕ್ಕೊಂದು ಆಟ ಕಟ್ಟಿಕೊಡಿ' ಎಂದಿತು? ಮೈಕು ಹಿಡಿಯುವುದು ಪುಕ್ಕಟೆ. ಆಟ ಕಟ್ಟಿಸುವುದಕ್ಕೆ ದುಡ್ಡು ಬೀಳುತ್ತದೆ.

ಆ ಹಳೆಯ ಆಟಗಳಲ್ಲೂ ಕಣ್ಣಿಲ್ಲದವನಿಗೆ ಹೆಚ್ಚೂಕಡಿಮೆ ಒಂದೇ ಪಾರ್ಟು. ಧೃತರಾಷ್ಟ್ರ.

ಪಾಪ, ಆ ಮನುಷ್ಯನಷ್ಟು ಬೈಸಿಕೊಂಡವರು ಇನ್ನೊಬ್ಬರಿಲ್ಲ. ಮಗನ ಮೇಲಿನ ಮೋಹಕ್ಕೂ ಕಣ್ಣಿಗೂ ಗಂಟು ಹಾಕಿಬಿಟ್ಟರು. ದ್ರೌಪದಿಯ ಸೀರೆ ಸೆಳೆಯುವಾಗ ಸಭೆಯಲ್ಲಿ ಭೀಷ್ಮ ಇದ್ದ, ದ್ರೋಣ ಇದ್ದ, ಕೃಪ ಇದ್ದ. ಎಲ್ಲರಿಗೂ ಎರಡೆರಡು ಕಣ್ಣು, ಚೆನ್ನಾಗಿಯೇ ಕಾಣುತ್ತಿತ್ತು. ಇಂದಿಗೂ ಮಗನಿಗೆ ಟಿಕೆಟ್ ಕೊಡಿಸುವ ರಾಜಕಾರಣಿಯನ್ನು ಧೃತರಾಷ್ಟ್ರ ಎಂದು ಬೈಯುತ್ತೇವೆ. ಆ ರಾಜಕಾರಣಿಗೆ ಕಣ್ಣು ಕಾಣುತ್ತದೆ ಸ್ವಾಮಿ. ತೀರಾ ಚೆನ್ನಾಗಿ ಕಾಣುತ್ತದೆ. ಅದೇ ತೊಂದರೆ.

ಟಿವಿ ಮಹಾಭಾರತದಲ್ಲೂ ಅಷ್ಟೇ. 1988ರದ್ದಾಗಲಿ, 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡ ಮಾತಾಡಿದ ಮಹಾಭಾರತವಾಗಲಿ, ಕಣ್ಣಿರುವ ನಟನೇ ಕಣ್ಣಿಲ್ಲದವನಾದ. ನಾಟಕ ಕಂಪನಿಗಳಿಂದ ಇವತ್ತಿನ ಧಾರಾವಾಹಿಗಳವರೆಗೆ ನಟನೆಯ ಸೂತ್ರ ಬದಲಾಗಿಲ್ಲ: ಎರಡೂ ಕೈ ಮುಂದೆ ಚಾಚು, ಗಾಳಿಯಲ್ಲಿ ತಡಕಾಡು, ತಂಬಿಗೆ ಬೀಳಿಸು. ಸ್ವಂತ ಮನೆಯಲ್ಲಿ ಮೂವತ್ತು ವರ್ಷ ಬದುಕಿದವನು ಅಡುಗೆಮನೆಗೆ ಹೋಗಲು ಗಾಳಿ ತಡಕಾಡುತ್ತಾನೆಯೇ? ಕರೆಂಟು ಹೋದ ರಾತ್ರಿ ಹಾಗೆ ತಡಕಾಡುವವರು ನಾವು. ನಮ್ಮ ಪರದಾಟವನ್ನು ಅವರ ತಲೆಗೆ ಕಟ್ಟಿದ್ದೇವೆ.

ತಮಾಷೆ ಎಂದರೆ, ಎಲ್ಲ ಗೊಂಬೆಗಳೂ ಕುರುಡೇ. ಬಟ್ಟೆ, ಗುಂಡಿ, ಬಣ್ಣ. ಅದು ನೋಡುತ್ತಿದೆ ಎಂದು ನಂಬಿಸುವುದೇ ಆಡಿಸುವವನ ಕಸುಬು. ಮಪೆಟ್ ಗೊಂಬೆಗಳನ್ನು ಮಾಡುತ್ತಿದ್ದ ಡಾನ್ ಸಾಲಿನ್ ಕಣ್ಣುಪಾಪೆಗಳನ್ನು ಮೂಗಿನ ಕಡೆಗೆ ಒಂದು ಕೂದಲೆಳೆ ಒಳಗೆ ಕೂಡಿಸುತ್ತಿದ್ದರು. ಅಷ್ಟಕ್ಕೇ ಗೊಂಬೆ ನಿಮ್ಮನ್ನೇ ನೋಡಿದ ಹಾಗಾಗುತ್ತಿತ್ತು. ಕಣ್ಣು ಕಾಣದ ಗೊಂಬೆಗೆ ಈ ವಿದ್ಯೆ ಸಾಲದು. ಮಾತಾಡಿದವರ ಕಡೆ ಅದು ಕಿವಿ ತಿರುಗಿಸಬೇಕು. ಕುರ್ಚಿಯ ಬೆನ್ನು ಮುಟ್ಟಿ ಕೂಡಬೇಕು. ಎಡಗಾಲು ಮುಂದಿಟ್ಟಾಗ ಬಿಳಿ ಕೋಲು ಬಲಕ್ಕೆ, ಬಲಗಾಲು ಇಟ್ಟಾಗ ಎಡಕ್ಕೆ. ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೋ ಅಲ್ಲಿ ಕೋಲು ಮೊದಲೇ ಹೋಗಿ ನೋಡಿ ಬಂದಿರಬೇಕು. ಇದನ್ನು ಕಲಿಯಬೇಕೆಂದರೆ ಆ ಕೋಲು ಹಿಡಿದು ನಡೆಯುವವರನ್ನೇ ಕೇಳಬೇಕು. ಕೇಳಿದರೆ ಅವರಿಗೆ ಸಂಭಾವನೆ ಕೊಡಬೇಕು. ಅಲ್ಲಿಗೆ ಯೋಜನೆ ಬಂದ್.

ಒಂದು ವೇಳೆ ಯಾರೋ ಪುಣ್ಯಾತ್ಮರು ಮನಸ್ಸು ಮಾಡಿದರು ಅನ್ನಿ. ಮೀಟಿಂಗ್ ಹೇಗೆ ನಡೆಯುತ್ತದೆಂದು ಬಳಿಚಕ್ರದಲ್ಲಿ ಕೂತೇ ಹೇಳಬಲ್ಲೆ.

ಗೊಂಬೆಗೆ ಹೆಸರೇನು? ನಯನಾ. ಬೇಡ, ಜ್ಯೋತಿ ಇರಲಿ. ಕಪ್ಪು ಕನ್ನಡಕ ಕಡ್ಡಾಯ, ಇಲ್ಲದಿದ್ದರೆ ಜನಕ್ಕೆ ತಿಳಿಯುವುದು ಹೇಗೆ? ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಏಕತಾರಿ. ಮೊದಲ ಕಂತಿನ ಮೊದಲ ಮಾತು: 'ಅಮ್ಮಾ, ಬೆಳಕು ಅಂದರೆ ಹೇಗಿರುತ್ತೆ?' ನಾಲ್ಕನೇ ಕಂತಿನಲ್ಲಿ ಕೆಟ್ಟ ಹುಡುಗರು ಬಾವಿಯ ಕಡೆ ದಾರಿ ತೋರಿಸುತ್ತಾರೆ. ಐದನೆಯದರಲ್ಲಿ ನಾಯಿ ಕಾಪಾಡುತ್ತದೆ. ದೀಪಾವಳಿ ವಿಶೇಷ ಕಂತಿನಲ್ಲಿ ಆಪರೇಷನ್. ಪಟ್ಟಿ ಬಿಚ್ಚುತ್ತಾರೆ. ಮೊದಲು ಮಸುಕು, ಆಮೇಲೆ ಅಮ್ಮ, ಆಮೇಲೆ ಪ್ರಾಯೋಜಕರ ಹೆಸರು.

ಆ ಪಟ್ಟಿ ಬಿಚ್ಚುವ ಚಟಕ್ಕೆ ನಮ್ಮವರು ನೇತ್ರದಾನವನ್ನೂ ಎಳೆದು ತರುತ್ತಾರೆ. ನೇತ್ರದಾನ ದೊಡ್ಡದು, ಎರಡು ಮಾತಿಲ್ಲ. 2006ರಲ್ಲಿ ರಾಜಕುಮಾರ್ ಕಣ್ಣು ಕೊಟ್ಟರು. 2021ರಲ್ಲಿ ಪುನೀತ್ ಕೊಟ್ಟ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆದರೆ ದಾನದ ಕಣ್ಣಿನಿಂದ ಕಸಿ ಮಾಡುವುದು ಕಾರ್ನಿಯಾವನ್ನು. ಹಿಂದಿನ ಅಕ್ಷಿಪಟಲವೇ ಕೆಟ್ಟ ಮಗುವಿಗೆ, ನರವೇ ಒಣಗಿದ ಮಗುವಿಗೆ ಅದರಿಂದ ಏನೂ ಆಗದು. ಆ ಮಗು ಬದುಕಿಡೀ ಹಾಗೆಯೇ ಇರುತ್ತದೆ, ಹಾಗೆಯೇ ಓದಬೇಕು, ಆಡಬೇಕು, ಜಗಳ ಕಾಯಬೇಕು. ಕೊನೆಯ ಕಂತಿನಲ್ಲಿ ಕಣ್ಣು ಬಾರದ ಮಗುವಿನ ಕತೆ ನಮ್ಮ ಟಿವಿಗೆ ಗೊತ್ತಿಲ್ಲ.



ಇನ್ನು ದೇವರಾಗುವ ದಾರಿ ಇದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ, ಕಣ್ಣು ಕಾಣದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು. ಈ ಭಾಗದಲ್ಲಿ ಅವರ ಫೋಟೊ ಇಲ್ಲದ ಸಂಗೀತ ಶಾಲೆ ಸಿಗದು. 1914ರಲ್ಲಿ ಹುಟ್ಟಿದ ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ತೀರಿಕೊಂಡರು. ಅವರು ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು, ಆಶ್ರಮದ ಮಕ್ಕಳ ಊಟಕ್ಕೆ ದಾರಿ ಮಾಡಿದರು. ಲೆಕ್ಕ, ಕರಾರು, ಊರಿಂದೂರಿಗೆ ಕ್ಯಾಂಪು, ನಟರ ಮುನಿಸು ಎಲ್ಲ ಇರುವ ದಂಧೆ ಅದು. ನಾವು ಅದನ್ನೆಲ್ಲ ಬಿಟ್ಟು ಫೋಟೊಕ್ಕೆ ಹಾರ ಹಾಕಿ ಕೈಮುಗಿದೆವು. ಕೈಮುಗಿದರೆ ಒಂದು ಅನುಕೂಲ. ಪಕ್ಕದ ಮನೆಯ ಕಣ್ಣು ಕಾಣದ ಹುಡುಗನಿಗೆ ಕೆಲಸ ಕೊಡುವ ಉಸಾಬರಿ ಇರುವುದಿಲ್ಲ. ಅವನು ಗವಾಯಿ ಆಗಲಿಲ್ಲವಲ್ಲ, ತಪ್ಪು ಅವನದೇ.

ದೇವರು ಇಲ್ಲವೇ ಭಿಕ್ಷುಕ. ನಡುವೆ ಮಗ್ಗಿ ಮರೆತು ಏಟು ತಿನ್ನುವ, ಮಾವಿನಕಾಯಿ ಕದಿಯುವ, ತಂಗಿಯ ಜಡೆ ಎಳೆಯುವ ಹುಡುಗನಿಗೆ ಜಾಗವಿಲ್ಲ.

ನಮ್ಮ ಭಾಗದ ಒಂದು ಶಾಲೆಯ ಗ್ಯಾದರಿಂಗ್‌ನಲ್ಲಿ ಮೂರನೇ ಇಯತ್ತೆಯ ಹುಡುಗನಿಗೆ ಕಪ್ಪು ಕನ್ನಡಕ ಹಾಕಿ, ಕೋಲು ಕೊಟ್ಟು ವೇದಿಕೆಗೆ ಬಿಟ್ಟರು. ಮೈಕಿಗೆ ಡಿಕ್ಕಿ ಹೊಡೆದ. ಮಂದಿ ನಕ್ಕರು. ಭಜನೆ ಹಾಡಿದ. ಮಂದಿ ಅತ್ತರು. ಐನೂರು ರೂಪಾಯಿ ಕಾಣಿಕೆ ಎಂದು ಮೈಕಿನಲ್ಲಿ ಹೆಸರು ಕೂಗಿದರು. ಅದೇ ಶಾಲೆಯ, ಕಣ್ಣು ಸರಿಯಾಗಿ ಕಾಣದ ಹುಡುಗಿ ಕೆಳಗೆ ಚಾಪೆಯ ಮೇಲೆ ಕೂತಿದ್ದಳು. ಆಕೆಯನ್ನು ಯಾವ ಡ್ಯಾನ್ಸಿಗೂ ಸೇರಿಸಿರಲಿಲ್ಲ. ಯಾಕ್ರೀ ಮಾಸ್ತರ ಎಂದರೆ, 'ಬೀಳ್ತಾಳ್ರಿ. ಯಾಕ ಬೇಕ್ರಿ ನಮಗ ಉಸಾಬರಿ?'

ಸುಳ್ಳು ಕುರುಡನಿಗೆ ಕಾಣಿಕೆ. ನಿಜದವಳಿಗೆ ಚಾಪೆ.

ಇದಕ್ಕೆಲ್ಲ ಕಾನೂನು ಇಲ್ಲವೇ ಎನ್ನಬೇಡಿ. ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 42ನೇ ಸೆಕ್ಷನ್ ಟಿವಿಯಂಥ ಮಾಧ್ಯಮಗಳಿಗೆ ಮೂರು ಸೌಲಭ್ಯ ಇರಬೇಕು ಎನ್ನುತ್ತದೆ: ಸಂಜ್ಞೆ ಭಾಷೆ, ಅಡಿಬರಹ, ಮತ್ತು ಆಡಿಯೊ ಡಿಸ್ಕ್ರಿಪ್ಷನ್. ಅಂದರೆ ಪರದೆಯ ಮೇಲೆ ಏನು ನಡೆದಿದೆ ಎಂದು ಮಾತಿನ ನಡುವಿನ ಬಿಡುವಿನಲ್ಲಿ ಒಂದು ದನಿ ಹೇಳುತ್ತ ಹೋಗುವುದು. 'ಗೊಂಬೆ ನಗುತ್ತ ಬಾಗಿಲ ಹಿಂದೆ ಅಡಗಿತು.' ಇಷ್ಟೇ.

2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಟಿವಿಗೆ ಮಾನದಂಡ ಹೊರಡಿಸಿತು. ಕಿವಿ ಕೇಳದವರಿಗಾಗಿ. ಒಳ್ಳೆಯದಾಯಿತು. ಕಣ್ಣು ಕಾಣದವರಿಗೆ? ಕಾಯ್ದೆಯ ಅದೇ ಸಾಲಿನಲ್ಲಿರುವ ಮೂರರಲ್ಲಿ ಒಂದು, ದಾರಿಯಲ್ಲಿ ಎಲ್ಲೋ ಇಳಿದುಹೋಯಿತು. 2024ರ ಮಾರ್ಚ್‌ನಲ್ಲಿ ಚಿತ್ರಮಂದಿರಗಳಿಗೆ ಮಾರ್ಗಸೂಚಿ ಬಂದಾಗ ಆಡಿಯೊ ಡಿಸ್ಕ್ರಿಪ್ಷನ್ ನೆನಪಾಯಿತು. ಆದರೆ ಮಕ್ಕಳು ದಿನವೂ ನೋಡುವುದು ಮನೆಯ ಟಿವಿ.

ಈ ವಿವರಣೆಯ ದನಿ ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿಯಬೇಕಾದರೆ ನಮ್ಮ ಓಣಿಗೆ ಬನ್ನಿ. ಕಣ್ಣು ಕಾಣದ ಕಾಕಾ ಒಬ್ಬರಿದ್ದಾರೆ. ರಾತ್ರಿ ಮನೆಮಂದಿಯ ಜೊತೆ ಧಾರಾವಾಹಿಗೆ ಕೂಡುತ್ತಾರೆ. ಸೊಸೆ ಏನೋ ಅಂದಳು. ಆಮೇಲೆ ಮಾತಿಲ್ಲ. ಡಮ್. ಅತ್ತೆಯ ಮುಖ. ಡಮ್. ಮಾವನ ಮುಖ. ಡಮ್. ಮೈದುನ, ನಾದಿನಿ, ಕೆಲಸದಾಕೆ, ಗೋಡೆಯ ಮೇಲಿನ ಅಜ್ಜನ ಫೋಟೊ. ಎಲ್ಲರಿಗೂ ಒಂದೊಂದು ಡಮ್.

'ಏನಾತಪಾ? ಬರೇ ಬಾಜಾ ಹೊಡಿಲಿಕತ್ತಾರ, ಯಾರೂ ಮಾತಾಡವಲ್ಲರು' ಎಂದರು ಕಾಕಾ.

'ಸುಮ್ಮ ಕೂಡ್ರಿ ಕಾಕಾ, ನೋಡ್ಲಿಕತ್ತೀವಿ.'

ಕಾಕಾ ಎದ್ದುಹೋಗಿ ರೇಡಿಯೊ ಹಚ್ಚಿಕೊಂಡರು. ಕಲಬುರಗಿ ಆಕಾಶವಾಣಿಯ ನಾಟಕದಲ್ಲಿ ಬಾಗಿಲು ಕಿರುಗುಟ್ಟಿದ್ದೂ ಕೇಳುತ್ತದೆ, ಬಂದವರು ಯಾರೆಂದೂ ಹೇಳುತ್ತಾರೆ. ತಂತ್ರಜ್ಞಾನ ಬೆಳೆದಿದೆ ಎನ್ನುವವರು ಈ ಕಾಕಾನ ಪಕ್ಕ ಒಂದು ರಾತ್ರಿ ಕೂಡಬೇಕು.

ಸುಪ್ರೀಂ ಕೋರ್ಟ್ ಕೂಡ ಬುದ್ಧಿ ಹೇಳಿ ನೋಡಿದೆ. 'ಆಂಖ್ ಮಿಚೋಲಿ' ಎಂಬ ಹಿಂದಿ ಸಿನಿಮಾ ಅಂಗವಿಕಲರನ್ನು ಗೇಲಿ ಮಾಡಿದೆ ಎಂದು ನಿಪುಣ್ ಮಲ್ಹೋತ್ರ ಎಂಬುವರು ಕೋರ್ಟಿಗೆ ಹೋದರು. 2024ರ ಜುಲೈ 8ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ತೀರ್ಪು ಕೊಟ್ಟಿತು. ಅಂಗವಿಕಲರ ಬದುಕನ್ನು ಅರಿಯಲು ನೆರವಾಗುವ ಹಾಸ್ಯ ಬೇರೆ, ಅವರನ್ನು ಕುಗ್ಗಿಸುವ ಹಾಸ್ಯ ಬೇರೆ. ಪಾಪದವರು, ಪವಾಡಪುರುಷರು ಎಂಬ ಸಿದ್ಧ ಅಚ್ಚುಗಳನ್ನು ಬಿಡಿ. ಅವರ ಬಗ್ಗೆ ಏನೇ ಮಾಡುವುದಿದ್ದರೂ ಅವರನ್ನು ಕೂಡಿಸಿಕೊಂಡು ಮಾಡಿ. ಹೀಗೆ ಸಾಗುತ್ತದೆ. ತೀರ್ಪನ್ನು ನಮ್ಮ ಚಾನೆಲ್‌ಗಳು ಬ್ರೇಕಿಂಗ್ ನ್ಯೂಸ್ ಮಾಡಿದವು. ಡಮ್ ಡಮ್ ಬಾಜಾದೊಂದಿಗೆ.

'ಆದರೆ ಅಂಥ ಗೊಂಬೆಯಿಂದ ಮಕ್ಕಳಿಗೆ ಏನು ತೋರಿಸುವುದು, ಬರೇ ದುಃಖವೇ?' ಎಂದು ಕೇಳುವವರಿದ್ದಾರೆ. ಇವರು ಎಂದಾದರೂ ಕಣ್ಣು ಕಾಣದವರ ಕ್ರಿಕೆಟ್ ನೋಡಿದ್ದಾರೆಯೇ?

ಗಟ್ಟಿ ಪ್ಲಾಸ್ಟಿಕ್ ಚೆಂಡು. ಒಳಗೆ ಸಣ್ಣ ಗುಂಡುಗಳು, ಉರುಳಿದರೆ ಗಲಗಲ. ಬೌಲರ್ 'ರೆಡಿ?' ಎನ್ನಬೇಕು, ಬ್ಯಾಟು ಹಿಡಿದವನು 'ಯೆಸ್' ಎನ್ನಬೇಕು, ಚೆಂಡು ಬಿಡುವಾಗ 'ಪ್ಲೇ!' ಎಂದು ಕೂಗಬೇಕು. ಚೆಂಡನ್ನು ನೆಲಕ್ಕೆ ಹತ್ತಿರ, ಕೆಳಗೈಯಿಂದ ಎಸೆಯಬೇಕು. ತೀರಾ ಕಾಣದ ಆಟಗಾರ ಒಂದು ರನ್ ಹೊಡೆದರೆ ಎರಡು ಬರೆದುಕೊಳ್ಳುತ್ತಾರೆ. ಪ್ರೇಕ್ಷಕರು ಚೆಂಡು ನಡೆದಾಗ ಉಸಿರು ಬಿಗಿಹಿಡಿಯಬೇಕು, ಕೂಗಿದರೆ ಆಟ ಕೆಡುತ್ತದೆ. ನಮ್ಮ ಐಪಿಎಲ್ ಜನಕ್ಕೆ ಇದೇ ದೊಡ್ಡ ಶಿಕ್ಷೆ.

2012ರಲ್ಲಿ ಬೆಂಗಳೂರಿನಲ್ಲೇ ಇವರ ಟಿ20 ವಿಶ್ವಕಪ್ ನಡೆಯಿತು. ಪಾಕಿಸ್ತಾನವನ್ನು ಸೋಲಿಸಿ ಕಪ್ ಎತ್ತಿದ ನಾಯಕ ಶಿವಮೊಗ್ಗದ ಶೇಖರ್ ನಾಯ್ಕ್. 2017ರಲ್ಲಿ ಪದ್ಮಶ್ರೀ. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ತಂಡದ ನಾಯಕಿ ಕರ್ನಾಟಕದವರೇ, ದೀಪಿಕಾ ಟಿ.ಸಿ. ಗೆದ್ದ ದಿನ ಫೋಟೊ ಬಂತು. ಸರಿ. ಇಂಥ ಒಂದು ಓಣಿ ಕ್ರಿಕೆಟ್ ಆಡುವ ಗೊಂಬೆ ಸಾಕಲ್ಲ, ಹತ್ತು ಕಂತಿನ ನಗು ಅಲ್ಲೇ ಇದೆ. ಕಿವಿಯಿಂದ ಚೆಂಡು ಹುಡುಕಲಾರದೆ ಕಣ್ಣಿರುವ ಗೊಂಬೆ ಎಡವಿ ಬೀಳಲಿ. ಸರದಿ ಅದಕ್ಕೂ ಬರಲಿ.

ಬ್ರೈಲ್ ಇದೆ. ಆರು ಚುಕ್ಕಿ. ಮೊದಲ ಚುಕ್ಕಿ ಒಂದೇ ಇದ್ದರೆ ಅ. ಒಂದು ಮತ್ತು ಮೂರು ಸೇರಿದರೆ ಕ. ಹಿಂದಿಯ ಕ ಕೂಡ ಅದೇ, ತೆಲುಗಿನದೂ ಅದೇ, ಭಾರತಿ ಬ್ರೈಲ್ ಎಂಬುದು ಹಾಗೆಯೇ ಕಟ್ಟಿದ್ದು. ಲಿಪಿಗಾಗಿ ಬಡಿದಾಡುವ ನಮ್ಮ ಗಡಿನಾಡಿನ ವೀರರಿಗೆ ಈ ವಿಷಯ ಇನ್ನೂ ತಲುಪಿಲ್ಲ, ತಲುಪದಿರುವುದೇ ಕ್ಷೇಮ. ಹುಣಸೆ ಬೀಜ ಇಟ್ಟು ಎರಡು ನಿಮಿಷದಲ್ಲಿ ಇದನ್ನು ಗೊಂಬೆ ಕಲಿಸಬಹುದು.

ಇನ್ನೊಂದು ತಕರಾರು ನಮ್ಮ ಕಡೆಯದೇ. ನಮ್ಮ ಯಾದಗಿರಿ 2018ರಿಂದ ನೀತಿ ಆಯೋಗದ ಪಟ್ಟಿಯಲ್ಲಿರುವ ಮಹತ್ವಾಕಾಂಕ್ಷಿ ಜಿಲ್ಲೆ. ಕರ್ನಾಟಕದಲ್ಲಿ ಆ ಭಾಗ್ಯ ನಮಗೂ ರಾಯಚೂರಿಗೂ ಮಾತ್ರ. 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಕೊನೆ, ಅರ್ಧದಷ್ಟು ಮಕ್ಕಳು ಪಾಸು. ಕಣ್ಣಿರುವ ಮಕ್ಕಳ ಗತಿಯೇ ಇದು, ಅಂಥದರಲ್ಲಿ ಕಣ್ಣಿಲ್ಲದವರ ಚಿಂತೆ ಯಾಕೆ ಎನ್ನುತ್ತಾರೆ ನಮ್ಮ ದೊಡ್ಡ ಮನುಷ್ಯರು. ಈ ಮಾತಿನ ಜಾಣತನ ನೋಡಿ. ಒಂದು ಕೆಲಸ ಮಾಡದ್ದನ್ನೇ ಇನ್ನೊಂದು ಕೆಲಸ ಮಾಡದಿರಲು ಕಾರಣ ಕೊಡುವುದು.

ಖಾಸಗಿ ಚಾನೆಲ್‌ಗಳಿಗೆ ಹೇಳಿ ಉಪಯೋಗವಿಲ್ಲ, ಅವರಿಗೆ ಟಿಆರ್‌ಪಿಯೇ ಕುಲದೈವ. ದೂರದರ್ಶನ ಚಂದನದವರೇ, ನೀವು ನಡೆಯುವುದು ನಮ್ಮ ತೆರಿಗೆ ದುಡ್ಡಿನಲ್ಲಿ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕೊಡಿ. ಒಂದು ಗೊಂಬೆ ಮಾಡಿಸಿ. ನಮ್ಮ ಕಡೆಯ ಕನ್ನಡ ಮಾತಾಡಲಿ, 'ಹೌದ್ರಿ, ಇಲ್ರಿ' ಅನ್ನಲಿ. ಸುಳ್ಳು ಹೇಳಲಿ, ಸಿಕ್ಕಿಬೀಳಲಿ. ಹಾಡಲು ಬಾರದಿರಲಿ, ದಯವಿಟ್ಟು. ಕೊನೆಯ ಕಂತಿನಲ್ಲೂ ಅದಕ್ಕೆ ಕಣ್ಣು ಬರುವುದು ಬೇಡ.

ಅದರ ಮಾತು ಬರೆಯಲು, ಅದಕ್ಕೆ ದನಿ ಕೊಡಲು ಕಣ್ಣು ಕಾಣದವರನ್ನೇ ಕರೆಯಿರಿ. ಕಂತು ಮುಗಿದ ಮೇಲೆ ವೇದಿಕೆಗೆ ಹತ್ತಿಸಿ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡಬೇಡಿ. ಚೆಕ್ ಕೊಡಿ.